ವಿಭಾಗದ ವರ್ಕ್‌ಶಾಪ್ ಮುಚ್ಚಿ ಕೆಲಸ ಎಲ್ಲ ಹೊರಗೆ ಕೊಟ್ಟರೆ ನಡೆಯುತ್ತಾ?

ಆಗುಂಬೆ ಮಳೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ಪ್ರಯೋಗದ ಕೆಲಸ, ಎಲ್ಲವೂ ವ್ಯಾಕ್ಯೂಮ್ ಒಳಗೆ, ಅಂದರೆ ಗಾಳಿಯನ್ನು ಪಂಪ್ ಮಾಡಿ ತೆಗೆದ ಚೇಂಬರ್ ಒಳಗೆ.

ನಮ್ಮ ವಿಭಾಗದ ಹಿಂದುಗಡೆ ಒಂದು ವರ್ಕ್‌ಶಾಪ್ ಇದೆ. ಎರಡು ಎಚ್‌ಎಂಟಿ ಲೇತ್, ಒಂದು ಮಿಲ್ಲಿಂಗ್ ಮಷೀನ್, ಒಂದು ಸರ್ಫೇಸ್ ಗ್ರೈಂಡರ್, ಆರ್ಗಾನ್ ವೆಲ್ಡಿಂಗ್ ಸೆಟ್. ಒಂದು ಕಾಲಕ್ಕೆ ಏಳು ಜನ ಇದ್ದರಂತೆ. ಈಗ ಇಬ್ಬರು. ಅವರಲ್ಲಿ ಹಿರಿಯರು ಜೂನ್‌ನಲ್ಲಿ ನಿವೃತ್ತಿ ಆಗುತ್ತಾರೆ. ಆ ಜಾಗಕ್ಕೆ ಯಾರನ್ನೂ ತಗೊಳ್ಳುವುದಿಲ್ಲ, ಕೆಲಸ ಹೊರಗೆ ಕೊಡಿ, ಆ ಹಾಲ್ ಬೇರೆಯದಕ್ಕೆ ಬೇಕು ಅಂತ ಮಾತು ನಡೆದಿದೆ.

ನನಗೆ ಯಾಕೆ ಸಂಕಟ ಆಗುತ್ತಿದೆ ಅಂತ ಹೇಳುತ್ತೇನೆ. ಹೋದ ವರ್ಷ ನನ್ನ ಚೇಂಬರ್ ಮೂರು ವಾರ ಕಾಡಿತು. ಅದರೊಳಗಿನ ಒತ್ತಡ 10⁻⁹ ಮಿಲಿಬಾರ್‌ಗೆ ಇಳಿಯಬೇಕು. 10⁻⁷ರ ಹತ್ತಿರ ಬಂದು ಅಲ್ಲೇ ಕೂತುಬಿಡುತ್ತಿತ್ತು. ಲೀಕ್ ಡಿಟೆಕ್ಟರ್ ಹಾಕಿ ಒಂದೊಂದು ಜಾಯಿಂಟ್ ಮೇಲೂ ಹೀಲಿಯಂ ಊದಿ ನೋಡಿದೆ, ಸಂದಿ ಇದ್ದರೆ ಅದು ಒಳಗೆ ನುಗ್ಗಿ ಡಿಟೆಕ್ಟರ್‌ಗೆ ಸಿಗಬೇಕು. ಏನೂ ಸಿಗಲಿಲ್ಲ. ತಾಮ್ರದ ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದೆ. ಗೋಡೆಗೆ ಅಂಟಿದ ತೇವ ಬಿಡಲಿ ಅಂತ ಹೀಟಿಂಗ್ ಟೇಪ್ ಸುತ್ತಿ 150 ಡಿಗ್ರಿಯಲ್ಲಿ ಎರಡು ದಿನ ಬೇಯಿಸಿದೆ. ಮತ್ತೆ ಅದೇ ಹಾಡು.

ಕೊನೆಗೆ ವರ್ಕ್‌ಶಾಪ್‌ನ ಆ ಹಿರಿಯರನ್ನು ಕರೆದೆ. ಅವರು ಚೇಂಬರ್ ಹೊರಗಡೆ ನೋಡಲೇ ಇಲ್ಲ. ಒಳಗಿನ ಸ್ಯಾಂಪಲ್ ಹೋಲ್ಡರ್ ತೆಗೆಸಿದರು. ಅದನ್ನು ಹೊರಗಿನ ಶಾಪ್‌ನಲ್ಲಿ ಮಾಡಿಸಿದ್ದೆ. ಬೆಳಕಿಗೆ ಹಿಡಿದು, "ಈ ಟ್ಯಾಪ್ ತೂತು ಆಚೆ ತನಕ ಹೋಗಿದೆಯೇನಮ್ಮ?" ಅಂದರು. ಹೋಗಿರಲಿಲ್ಲ. ಸ್ಕ್ರೂಗೆ ಅಂತ ಥ್ರೆಡ್ ಹಾಕಿದ ನಾಲ್ಕೂ ತೂತು ಕುರುಡು, ಕೆಳಗಡೆ ಮುಚ್ಚಿದ್ದು.

ಸ್ಕ್ರೂ ತುದಿಯ ಕೆಳಗೆ ಚೂರು ಗಾಳಿ ಸಿಕ್ಕಿಕೊಂಡಿತ್ತು. ಅದು ಥ್ರೆಡ್ ಸಂದಿಯಲ್ಲಿ ನುಸುಳಿ ದಿನಗಟ್ಟಲೆ ಹೊರಗೆ ಬರುತ್ತಲೇ ಇತ್ತು. ಗಾಳಿ ಇರುವುದೇ ಚೇಂಬರ್ ಒಳಗೆ. ಹಾಗಾಗಿ ಹೊರಗಿನಿಂದ ಎಷ್ಟು ಹೀಲಿಯಂ ಊದಿದರೂ ಡಿಟೆಕ್ಟರ್‌ಗೆ ಗೊತ್ತಾಗಲ್ಲ. ಇದಕ್ಕೆ ವರ್ಚುವಲ್ ಲೀಕ್ ಅಂತಾರೆ ಅಂತ ಆಮೇಲೆ ತಿಳಿಯಿತು. ಅವರು ನಾಲ್ಕು ಎಂ4 ಸ್ಕ್ರೂ ಬಿಚ್ಚಿದರು. ವೈಸ್‌ನ ಬಾಯಿಗೆ ತಾಮ್ರದ ತಗಡು ಕೊಟ್ಟು, ಥ್ರೆಡ್ ನಲುಗದ ಹಾಗೆ ಹಿಡಿದರು. ತ್ರಿಕೋನದ ಸಣ್ಣ ಅರ ತಗೊಂಡು ತುದಿಯಿಂದ ತಲೆಯ ಕೆಳಭಾಗದವರೆಗೆ ಉದ್ದಕ್ಕೆ ಒಂದು ಗೀರು ಹಾಕಿದರು. ಗಾಳಿಗೆ ದಾರಿ ಆಯಿತು. ಎಲ್ಲ ಸೇರಿ 20 ನಿಮಿಷ. ತೊಳೆದು, ಮುಚ್ಚಿ, ಮತ್ತೆ ಬೇಕ್ ಮಾಡಿದೆ. ನಾಲ್ಕನೇ ದಿನ ಗೇಜ್ 10⁻⁹ ತೋರಿಸಿತು.

ಹೊರಗಿನ ಶಾಪ್‌ನವರದ್ದು ಏನೂ ತಪ್ಪಿಲ್ಲ. ಡ್ರಾಯಿಂಗ್‌ನಲ್ಲಿ ಇದ್ದಂತೆಯೇ ಮಾಡಿದ್ದರು. ಡ್ರಾಯಿಂಗೇ ತಪ್ಪು, ಮಾಡಿದ್ದು ನಾನು. ಆದರೆ ಅದು ತಪ್ಪು ಅಂತ ಹೇಳಲು ಕ್ಯಾಂಪಸ್‌ನಲ್ಲಿ ಇರುವ ಒಬ್ಬರೂ ಜೂನ್‌ಗೆ ಹೋಗುತ್ತಾರೆ. ವರ್ಕ್‌ಶಾಪ್ ಉಳಿಸಿ ಅಂತ ಪತ್ರ ಬರೆಯೋಣ ಅಂದುಕೊಂಡಿದ್ದೇವೆ. ನಿಮ್ಮ ಅನುಭವ ಹೇಳಿ.

ಪೀಣ್ಯ ಎರಡನೇ ಹಂತ

ಮೇಡಂ, ನಾನು ಪೀಣ್ಯದಲ್ಲಿ ಸಣ್ಣ ಶಾಪ್ ನಡೆಸುತ್ತೇನೆ. ಎರಡು ವಿಎಂಸಿ, ಒಂದು ಸಿಎನ್‌ಸಿ ಲೇತ್, ಒಂದು ವೈರ್‌ಕಟ್, ಎಲ್ಲ ಕಂಪ್ಯೂಟರ್ ನಡೆಸುವ ಮಷೀನ್. ಕಾಲೇಜು, ಲ್ಯಾಬ್‌ಗಳ ಕೆಲಸ 12 ವರ್ಷದಿಂದ ಮಾಡಿಕೊಡುತ್ತಿದ್ದೇನೆ. ನಮ್ಮವರ ತಪ್ಪಿಲ್ಲ ಅಂದಿರಲ್ಲ, ಓದಿ ಸಮಾಧಾನ ಆಯಿತು.

ನಿಜ ಹೇಳಬೇಕು ಅಂದರೆ, ಡ್ರಾಯಿಂಗ್ ಮೇಲೆ "ವ್ಯಾಕ್ಯೂಮ್‌ಗೆ" ಅಂತ ಒಂದು ಪದ ಬರೆದಿರುವುದಿಲ್ಲ. ನಮಗೆ ಅದು ಒಂದು ಬ್ಲಾಕ್, ನಾಲ್ಕು ಟ್ಯಾಪಿಂಗ್, ಅಷ್ಟೇ. ಆ ಪೀಸ್ ಎಲ್ಲಿಗೆ ಹೋಗುತ್ತೆ, ಏನು ಕೆಲಸ ಮಾಡುತ್ತೆ ಅಂತ ನಮಗೆ ಯಾರೂ ಹೇಳಲ್ಲ. ಕೇಳಿದರೂ ಫೋನ್ ಎತ್ತುವವರು ಪರ್ಚೇಸ್ ಸೆಕ್ಷನ್‌ನವರು, ಅವರಿಗೂ ಗೊತ್ತಿರಲ್ಲ.

ಇನ್ನೊಂದು ವಿಷಯ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತೆ ಅನ್ನುವುದು. ಕಂಪ್ಯೂಟರ್‌ನಲ್ಲಿ ಟೆಂಪ್ಲೇಟ್ ಏನು ಕೊಟ್ಟಿದೆಯೋ ಅದನ್ನೇ ಬಿಟ್ಟಿರುತ್ತಾರೆ. ಯಾವುದಕ್ಕೂ ತಾಗದ ಹೊರಮುಖಕ್ಕೂ ಪ್ಲಸ್ ಮೈನಸ್ 0.005 ಮಿ.ಮೀ. ಅಂದರೆ ಐದು ಮೈಕ್ರಾನ್. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಆ ಮುಖ ಗ್ರೈಂಡಿಂಗ್‌ಗೆ ಹೋಗಬೇಕು, ಎಸಿ ರೂಮಿನಲ್ಲಿ ಅಳೆಯಬೇಕು. ರೇಟು ಮೂರು ಪಟ್ಟು ಆಗುತ್ತೆ. ಅಲ್ಲಿ 0.1 ಸಾಕು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು.

ವರ್ಕ್‌ಶಾಪ್ ಮುಚ್ಚಿದರೆ ನಮಗೆ ಕೆಲಸ ಜಾಸ್ತಿ ಬರುತ್ತೆ ಅಂತ ನೀವು ಅಂದುಕೊಳ್ಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆ ವರ್ಕ್‌ಶಾಪ್ ಇರುವ ಕಡೆಯಿಂದ ಬರುವ ಡ್ರಾಯಿಂಗ್ ಶುದ್ಧವಾಗಿರುತ್ತೆ. ಮೊದಲ ಪೀಸ್ ಅವರೇ ಮಾಡಿ ನೋಡಿರುತ್ತಾರೆ. ನಾನು 20 ಪೀಸ್ ಮಾಡಿ ಕಳಿಸುತ್ತೇನೆ, ಜಗಳ ಇಲ್ಲ. ಒಂದೇ ಒಂದು ಪೀಸ್, ಅದನ್ನೂ ಮೂರು ಸಲ ಬದಲಾಯಿಸುವ ಕೆಲಸ ನಮ್ಮಂಥವರಿಗೆ ಗಿಟ್ಟಲ್ಲ. ಅದಕ್ಕಾಗಿ ಸೆಟ್ಟಿಂಗ್ ಕಿತ್ತು ಮತ್ತೆ ಹಾಕುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತೆ.

ಹಳೇ ಲೇತು

ನೋಡಮ್ಮ, ನಾನು ಒಂದು ವಿಶ್ವವಿದ್ಯಾಲಯದ ವರ್ಕ್‌ಶಾಪ್‌ನಲ್ಲಿ 34 ವರ್ಷ ಟರ್ನರ್, ಅಂದರೆ ಲೇತ್ ನಡೆಸುವವನು, ಆಗಿದ್ದವನು. ನಿವೃತ್ತಿಯಾಗಿ ಆರು ವರ್ಷ ಆಯಿತು. ನಿಮ್ಮ ಸ್ಕ್ರೂ ಕಥೆ ಓದಿ ನನ್ನದೇ ಕೈ ನೋಡಿದ ಹಾಗಾಯಿತು.

ಪೀಣ್ಯದವರು ಹೇಳಿದ್ದು ಸರಿ. ಜಾಬ್ ಎಲ್ಲಿಗೆ ಹೋಗುತ್ತೆ ಅಂತ ತಿಳಿಯದೆ ಲೇತ್‌ನ ಚಕ್‌ಗೆ ಹಾಕಬಾರದು. ಒಂದು ಸಲ ಒಬ್ಬ ಹುಡುಗ ಡ್ರಾಯಿಂಗ್ ತಂದ. ಅಲ್ಯೂಮಿನಿಯಂ ರಿಂಗ್, ಒಳಗೆ 100 ಮಿ.ಮೀ. ಅಗಲದ ಕ್ವಾರ್ಟ್ಜ್ ಗಾಜು ಕೂರಬೇಕು. ಸುತ್ತ 0.05 ಮಿ.ಮೀ. ಸಂದಿ ಕೊಟ್ಟಿದ್ದ. ನೀಟಾದ ಡ್ರಾಯಿಂಗ್, ಒಂದು ಗೆರೆ ತಪ್ಪಿಲ್ಲ. "ಇದನ್ನ ಎಲ್ಲಿಡ್ತೀಯಪ್ಪ?" ಅಂತ ಕೇಳಿದೆ. "ಲಿಕ್ವಿಡ್ ನೈಟ್ರೋಜನ್‌ನಲ್ಲಿ ಸರ್" ಅಂದ. ನಾನು ಡ್ರಾಯಿಂಗ್ ವಾಪಸ್ ಕೊಟ್ಟೆ.

ಯಾಕೆ ಅಂದರೆ, ರೂಮಿನ ಶಾಖದಿಂದ ಲಿಕ್ವಿಡ್ ನೈಟ್ರೋಜನ್‌ನ 77 ಕೆಲ್ವಿನ್‌ಗೆ (ಮೈನಸ್ 196 ಡಿಗ್ರಿ) ಇಳಿದರೆ ಅಲ್ಯೂಮಿನಿಯಂ 100 ಮಿ.ಮೀ.ಗೆ ಹೆಚ್ಚುಕಡಿಮೆ 0.4 ಮಿ.ಮೀ. ಕುಗ್ಗುತ್ತೆ. ಕ್ವಾರ್ಟ್ಜ್ ಕುಗ್ಗುವುದೇ ಇಲ್ಲ ಅನ್ನಬಹುದು. ಇವನು ಬಿಟ್ಟ ಸಂದಿ ಎಲ್ಲಿ ಸಾಕಾಗುತ್ತೆ? ರಿಂಗ್ ಗಾಜನ್ನು ಹಿಸುಕಿ ಪುಡಿ ಮಾಡುತ್ತಿತ್ತು. ಆ ಗಾಜು ಹೊರದೇಶದಿಂದ ತರಿಸಿದ್ದು, ಇದ್ದದ್ದು ಒಂದೇ. ನಾವಿಬ್ಬರೂ ಕೂತು ಮತ್ತೆ ಗೆರೆ ಎಳೆದೆವು. ಸಂದಿ ದೊಡ್ಡದು ಮಾಡಿ, ಮೂರು ಕಡೆ ಫಾಸ್ಫರ್ ಬ್ರಾಂಜ್ ಪಟ್ಟಿ ಬಗ್ಗಿಸಿ ಸ್ಪ್ರಿಂಗ್ ಥರ ಕೊಟ್ಟೆವು. ಗಾಜು ನಡುವಿನಲ್ಲೇ ನಿಂತಿತು, ಒಡೆಯಲೂ ಇಲ್ಲ. ಆ ರಿಂಗ್ ಕಡೆಯಲು ನನಗೆ ಹಿಡಿದದ್ದು ಒಂದು ಗಂಟೆ. ಮಾತಿಗೆ ಹಿಡಿದದ್ದು ಒಂದು ಮಧ್ಯಾಹ್ನ. ಆ ಮಧ್ಯಾಹ್ನದ ಮಾತನ್ನ ಹೊರಗೆ ಕೊಟೇಶನ್ ಹಾಕಿ ತರಿಸೋಕೆ ಆಗಲ್ಲ.

ಶಾಖದ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರ್‌ಗೆ 23 ಮೈಕ್ರಾನ್ ಹಿಗ್ಗುತ್ತೆ. ಅಳತೆಯ ಲೆಕ್ಕ ಜಗತ್ತಿನಾದ್ಯಂತ 20 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ನಮ್ಮ ಶೀಟಿನ ಶೆಡ್‌ನಲ್ಲಿ 33, 34 ಇರುತ್ತಿತ್ತು. ಅದರ ಮೇಲೆ ಕಟಿಂಗ್ ಬಿಸಿ ಬೇರೆ. 200 ಮಿ.ಮೀ. ಪ್ಲೇಟ್ ಹತ್ತು ಡಿಗ್ರಿ ಬಿಸಿ ಇದ್ದಾಗ ಅಳೆದರೆ 46 ಮೈಕ್ರಾನ್ ಸುಳ್ಳು ಹೇಳುತ್ತೆ. ಅದಕ್ಕೆ ನಾವು ಕೊನೆ ಕಟ್‌ಗೆ ಮೊದಲು ಜಾಬ್ ಹಾಗೇ ಬಿಟ್ಟು ಮನೆಗೆ ಹೋಗುತ್ತಿದ್ದೆವು. ಬೆಳಗ್ಗೆ ಏಳಕ್ಕೆ ಬಂದು ಅಳೆದು ಕೊನೆ ಕಟ್ ಕೊಡುತ್ತಿದ್ದೆವು.

ಲೆಕ್ಕ ಪಕ್ಕಾ

ಇಬ್ಬರು ಹಿರಿಯರ ಮಾತಿಗೂ ಗೌರವ ಇದೆ. ಆದರೂ ಎದುರು ಮಾತು ಒಂದು ಇರಲಿ. ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಇದ್ದವನು. ಪ್ರತಿ ವಿಭಾಗಕ್ಕೂ ಒಂದೊಂದು ವರ್ಕ್‌ಶಾಪ್. ಒಂದರಲ್ಲಿ ಲೇತ್ ಧೂಳು ಹಿಡಿದಿದೆ, ಇನ್ನೊಂದರಲ್ಲಿ ಮೂರು ತಿಂಗಳ ಕ್ಯೂ. ಕೆಲವು ಕಡೆ ವರ್ಷಕ್ಕೆ ಬೆರಳೆಣಿಕೆಯಷ್ಟು ಜಾಬ್. ಸಂಬಳ, ಕರೆಂಟು, ಜಾಗ ಎಲ್ಲ ಲೆಕ್ಕ ಹಾಕಿದರೆ ಒಂದೊಂದು ಪೀಸ್ ಬಂಗಾರದ ಬೆಲೆ. ಈಗ ತ್ರೀಡಿ ಪ್ರಿಂಟರ್ ಇದೆ, ಆನ್‌ಲೈನ್‌ನಲ್ಲಿ ಫೈಲ್ ಹಾಕಿದರೆ ವಾರದಲ್ಲಿ ಪೀಸ್ ಮನೆಗೇ ಬರುತ್ತೆ. ಭಾವನೆ ಬಿಟ್ಟು ಯೋಚಿಸಬೇಕು, ಅಲ್ವಾ? ಎಲ್ಲ ಸೇರಿಸಿ ಒಂದೇ ಕೇಂದ್ರ ವರ್ಕ್‌ಶಾಪ್ ಮಾಡಿ, ಗಂಟೆಗೆ ಇಷ್ಟು ಅಂತ ರೇಟ್ ಹಾಕಿ. ವಿದ್ಯಾರ್ಥಿಗಳಿಗೇ ಮಷೀನ್ ಕಲಿಸಿಬಿಡಿ.

ಗ್ರಂಥಾಲಯದ ಮೂಲೆ

ನಾನು ವಿಜ್ಞಾನದ ಇತಿಹಾಸ ಓದುವವಳು, ಮಷೀನ್ ಮುಟ್ಟಿದವಳಲ್ಲ. ಆದರೆ ಈ ಚರ್ಚೆಗೆ ಮೂರು ಪ್ರಸಂಗ ಸೇರಿಸಲೇಬೇಕು ಅನ್ನಿಸಿತು.

ಮೊದಲನೆಯದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ್ದು. ವಿಕಿರಣ ವಸ್ತುಗಳಿಂದ ಚಿಮ್ಮುವ ಆಲ್ಫಾ ಕಣ ಅಂದರೆ ಹೀಲಿಯಂ ಅಂತ ರುದರ್‌ಫರ್ಡ್ ಮತ್ತು ರಾಯ್ಡ್ಸ್ 1909ರಲ್ಲಿ ತೋರಿಸಿದರು. ಅದಕ್ಕೆ ಬೇಕಿದ್ದದ್ದು ಒಂದು ಗಾಜಿನ ಕೊಳವೆ. ಗೋಡೆ ಎಷ್ಟು ತೆಳು ಇರಬೇಕು ಅಂದರೆ ಆಲ್ಫಾ ಕಣ ಅದನ್ನು ತೂರಿ ಹೊರಗೆ ಬರಬೇಕು. ಆದರೆ ಒಳಗಿನ ಅನಿಲ ಸೋರಬಾರದು, ಹೊರಗಿನ ಗಾಳಿಯ ಒತ್ತಡಕ್ಕೆ ಒಡೆಯಬಾರದು. ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತ ತೆಳು. ಅದನ್ನು ಊದಿಕೊಟ್ಟವರು ಒಟ್ಟೊ ಬೌಮ್‌ಬಾಖ್ ಅನ್ನುವ ಗಾಜು ಊದುವ ಕುಶಲಿ. ಕೆಲವು ಪ್ರಯತ್ನದ ನಂತರ ಅವರು ಅದರಲ್ಲಿ ಗೆದ್ದರು ಅಂತ ಆ ಪ್ರಬಂಧದಲ್ಲೇ ಅವರ ಹೆಸರು ಹಾಕಿ ಬರೆದಿದ್ದಾರೆ. ಆ ಕೊಳವೆ ಇಲ್ಲದಿದ್ದರೆ ಆ ಪ್ರಯೋಗವೇ ಇಲ್ಲ.

ಎರಡನೆಯದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ, 1880ರ ದಶಕ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಮಾಡಲು ಹೆನ್ರಿ ರೋಲಂಡ್ ಒಂದು ಗೆರೆ ಎಳೆಯುವ ಯಂತ್ರ ಕಟ್ಟಿದರು. ವಜ್ರದ ಮೊನೆಯಿಂದ ಲೋಹದ ಮೇಲೆ ಇಂಚಿಗೆ 14,438 ಗೆರೆ. ಯಂತ್ರದ ಜೀವ ಅಂದರೆ ಅದರ ಸ್ಕ್ರೂ. ಸ್ಕ್ರೂನಲ್ಲಿ ಸ್ವಲ್ಪ ಏರುಪೇರು ಇದ್ದರೆ ವರ್ಣಪಟಲದಲ್ಲಿ ಇಲ್ಲದ ಗೆರೆ ಕಾಣಿಸುತ್ತೆ. ಅದಕ್ಕೆ 'ಭೂತ' ಅಂತಲೇ ಹೆಸರು. ಲೇತ್‌ನಲ್ಲಿ ಕಡೆದ ಸ್ಕ್ರೂ ಎಷ್ಟು ಚೆನ್ನಾಗಿದ್ದರೂ ಸಾಲುವುದಿಲ್ಲ ಅಂತ, ಉದ್ದನೆಯ ಸೀಳು ನಟ್ ಹಾಕಿ, ಉಜ್ಜುವ ಪುಡಿ ಮತ್ತು ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಏರುಪೇರು ತೆಗೆದರು. ಯಂತ್ರ ಇಟ್ಟಿದ್ದು ಶಾಖ ಏರಿಳಿಯದ ನೆಲಮಾಳಿಗೆಯಲ್ಲಿ. ಅದನ್ನು ನಡೆಸಿದವರು ಥಿಯೋಡರ್ ಶ್ನೈಡರ್ ಅನ್ನುವ ಮೆಕ್ಯಾನಿಕ್. ಆ ಗ್ರೇಟಿಂಗ್‌ಗಳು ಜಗತ್ತಿನ ಲ್ಯಾಬ್‌ಗಳಿಗೆಲ್ಲ ಹೋದವು. ಹಳೇ ಲೇತು ಅವರು ಬೆಳಗ್ಗೆ ಏಳಕ್ಕೆ ಬಂದು ಕೊನೆ ಕಟ್ ಕೊಟ್ಟಿದ್ದು ಇದೇ ಮನೆತನದ ಕೆಲಸ ಅಂತ ನನಗೆ ಅನ್ನಿಸುತ್ತೆ.

ಮೂರನೆಯದು ಲೆಕ್ಕ ಪಕ್ಕಾ ಅವರ ಪರ. ವರ್ಕ್‌ಶಾಪ್ ನಿಧಾನ ಅನ್ನುವ ದೂರು ಹಳೆಯದು. 1953ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಲ್ಯಾಬ್‌ನಲ್ಲಿ ಡಿಎನ್‌ಎ ಮಾದರಿ ಕಟ್ಟಲು ಬೇಕಾದ ಲೋಹದ ತುಂಡುಗಳು ವರ್ಕ್‌ಶಾಪ್‌ನಿಂದ ಬರುವುದು ತಡ ಆಯಿತು. ಆ ಮಾದರಿ ಕಟ್ಟುತ್ತಿದ್ದ ಜೇಮ್ಸ್ ವಾಟ್ಸನ್ ಕಾಯಲಾರದೆ ರಟ್ಟು ಕತ್ತರಿಸಿಕೊಂಡು ಕೂತರು. ಫೆಬ್ರವರಿ 28ರಂದು ಆ ರಟ್ಟಿನ ತುಂಡುಗಳಲ್ಲೇ ಡಿಎನ್‌ಎ ಏಣಿಯ ಮೆಟ್ಟಿಲಾಗುವ ಬೇಸ್‌ಗಳ ಜೋಡಿ ಹೇಗೆ ಕೂಡುತ್ತೆ ಅಂತ ಹೊಳೆಯಿತು. (ನಮಗೆ ಅದೇ ತಾರೀಕು 1928ರ ರಾಮನ್ ಪರಿಣಾಮದ ದಿನ.) ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹೊಳೆದದ್ದು ನಿಜವೋ ಅಂತ ಪರಮಾಣುಗಳ ಅಂತರ ಅಳೆದು ನೋಡಲು ಲೋಹದ ಮಾದರಿಯೇ ಬೇಕಾಯಿತು. ತುಂಡುಗಳು ಬಂದವು, ಮಾದರಿ ಎದ್ದು ನಿಂತಿತು.

ಹಳೇ ಲೇತು

ಗ್ರಂಥಾಲಯದ ತಾಯಿಗೆ ನಮಸ್ಕಾರ. ಆ ಶ್ನೈಡರ್ ಹೆಸರು ನಾನು ಇವತ್ತೇ ಕೇಳಿದ್ದು. ನನ್ನ ಹೆಸರೂ ಎರಡು ಪಿಎಚ್‌ಡಿ ಪ್ರಬಂಧದ ಕೃತಜ್ಞತೆಯಲ್ಲಿ ಇದೆ. ಆ ಪುಟಗಳ ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಂಡಿದ್ದೇನೆ.

ನೆಕ್ಕರ್ ದಂಡೆ

ಹಾಸನದವನು, ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಇಲ್ಲಿ ಹಲವು ವಿಶ್ವವಿದ್ಯಾಲಯಗಳ ಫಿಸಿಕ್ಸ್ ವರ್ಕ್‌ಶಾಪ್‌ಗಳು ತಾವೇ ಹುಡುಗರನ್ನು ತಯಾರು ಮಾಡುತ್ತವೆ. ಶಾಲೆ ಮುಗಿಸಿದ ಹುಡುಗ ಹುಡುಗಿಯರು ಮೂರೂವರೆ ವರ್ಷದ ತರಬೇತಿಗೆ ಬರುತ್ತಾರೆ. ಮೊದಲು ಕೈಗೆ ಸಿಗುವುದು ಅರ ಮತ್ತು ಒಂದು ಉಕ್ಕಿನ ತುಂಡು. ವಾರಗಟ್ಟಲೆ ಉಜ್ಜಬೇಕು. ನಮ್ಮ ಐಟಿಐ ಫಿಟ್ಟರ್‌ಗಳ ಮೊದಲ ತಿಂಗಳುಗಳೂ ಹೀಗೇ ತಾನೆ?

ನಾನು ಇಲ್ಲಿ ಮೊದಲ ಸಲ ಡ್ರಾಯಿಂಗ್ ಇಮೇಲ್ ಮಾಡಿದಾಗ ವರ್ಕ್‌ಶಾಪ್ ಮುಖ್ಯಸ್ಥರಿಂದ ಒಂದೇ ಸಾಲಿನ ಉತ್ತರ ಬಂತು: "ಬನ್ನಿ, ಕೂತು ಮಾತಾಡೋಣ." ಹೋದೆ. ಎರಡು ಗಂಟೆಯಲ್ಲಿ ನನ್ನ 11 ಭಾಗದ ಮೌಂಟ್ ನಾಲ್ಕು ಭಾಗಕ್ಕೆ ಇಳಿಯಿತು. ವೆಲ್ಡಿಂಗ್ ಒಳಗಡೆಯಿಂದ ಸುತ್ತ ಪೂರ್ತಿ ಬರಬೇಕು, ಹೊರಗಡೆ ಬಲಕ್ಕೆ ಅಲ್ಲಲ್ಲಿ ಟಾಕಾ ಸಾಕು, ಎರಡೂ ಕಡೆ ಪೂರ್ತಿ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತೆ ಅಂತ ಅಲ್ಲೇ ಕಲಿತೆ. ಆಗುಂಬೆ ಮಳೆಯವರ ಸ್ಕ್ರೂ ಕಾಯಿಲೆಯೇ ಇದು, ಇನ್ನೊಂದು ರೂಪ.

ಲೆಕ್ಕ ಪಕ್ಕಾ ಅವರ ಕೇಂದ್ರ ವರ್ಕ್‌ಶಾಪ್ ಸಲಹೆ ಕೆಟ್ಟದ್ದಲ್ಲ. ಒಂದೇ ಷರತ್ತು, ನಡೆದು ಹೋಗುವ ದೂರದಲ್ಲಿ ಇರಬೇಕು. ಕೈಯಲ್ಲಿ ಪೀಸ್ ಹಿಡಿದು ಹೋಗಿ "ಇದು ಕೂರುತ್ತಿಲ್ಲ" ಅನ್ನಲು ಆಗಬೇಕು.

ಲೆಕ್ಕ ಪಕ್ಕಾ

ಇದು ಒಪ್ಪುವ ಮಾತು. ಗಂಟೆ ರೇಟ್ ವಿಷಯದಲ್ಲಿ ಒಂದು ತಿದ್ದುಪಡಿ ನಾನೇ ಹಾಕುತ್ತೇನೆ. ಮಷೀನ್ ಗಂಟೆಗೆ ದುಡ್ಡು ಹಾಕಿ, ಮಾತಿಗೆ ಹಾಕಬೇಡಿ. ಮಾತಿಗೆ ಬಿಲ್ ಆದರೆ ಯಾರೂ ಕೇಳಲು ಹೋಗುವುದಿಲ್ಲ.

ಫ್ಲಾಸ್ಕ್ ಮತ್ತು ಬೆಂಕಿ

ಗಾಜಿನ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕೆಮಿಸ್ಟ್ರಿ. ನಮ್ಮಲ್ಲಿ ಗಾಜು ಊದುವವರು ನಿವೃತ್ತಿಯಾದ ಮೇಲೆ ಆ ಕೋಣೆಗೆ ಬೀಗ ಬಿದ್ದಿದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಲೈನ್ ರಿಪೇರಿಗೆ ಈಗ ಬೇರೆ ಊರಿಗೆ ಕಳಿಸಬೇಕು. ದಾರಿಯಲ್ಲಿ ಇನ್ನೆರಡು ಕಡೆ ಬಿರುಕು ಬಿಟ್ಟು ವಾಪಸ್ ಬರುತ್ತೆ.

ಅವರು ಕೆಲಸ ಮಾಡುವಾಗ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬೆಂಕಿಗೆ ಗಾಜು ತಾಗಿದ ಕೂಡಲೇ ಸೋಡಿಯಂನ ಹಳದಿ ಜ್ವಾಲೆ ಏಳುತ್ತೆ, ಕಣ್ಣಿಗೆ ಬೇರೇನೂ ಕಾಣಲ್ಲ. ಅವರ ಡಿಡಿಮಿಯಂ ಕನ್ನಡಕ ನನ್ನ ಕಣ್ಣಿಗೆ ಇಟ್ಟರು. ಹಳದಿ ಮಾಯ. ಗಾಜು ಜೇನಿನ ಹಾಗೆ ಮೆತ್ತಗೆ ಇಳಿಯುವುದು ಸ್ಪಷ್ಟವಾಗಿ ಕಂಡಿತು. ಎರಡೂ ಕೈ ಒಂದೇ ವೇಗದಲ್ಲಿ ತಿರುಗುತ್ತಿತ್ತು, ಬಾಯಲ್ಲಿ ರಬ್ಬರ್ ನಳಿಕೆ. ಅದನ್ನು ಯಾವ ಕೈಪಿಡಿಯಲ್ಲಿ ಬರೆದಿಡುವುದು? ಅವರು ಇದ್ದಾಗಲೇ ಒಬ್ಬರನ್ನು ಪಕ್ಕದಲ್ಲಿ ಕೂರಿಸಬೇಕಿತ್ತು. ನಿಮಗೆ ಜೂನ್ ತನಕ ಸಮಯ ಇದೆ, ದಯವಿಟ್ಟು ಬಿಡಬೇಡಿ.

ಕೋಲಾರದ ಕಲ್ಲು

ಎಲ್ಲ ಉದಾಹರಣೆ ಹೊರಗಿನದೇ ಆಯಿತು, ನಮ್ಮೂರಿನದೂ ಇರಲಿ. ತಮಿಳುನಾಡಿನ ಕಾವಲೂರಿನ ವೇಣು ಬಾಪು ದೂರದರ್ಶಕ 1986ರಲ್ಲಿ ಶುರುವಾಯಿತು. ಅದರ 2.34 ಮೀಟರ್ ಅಗಲದ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ಬೆಂಗಳೂರಿನಲ್ಲಿ, ಭಾರತೀಯ ಖಭೌತ ಸಂಸ್ಥೆಯ ಸ್ವಂತ ಆಪ್ಟಿಕ್ಸ್ ಶಾಪ್‌ನಲ್ಲಿ. ರಾಮನ್ ಸಂಶೋಧನಾ ಸಂಸ್ಥೆಯವರು ತಾವೇ ವಿನ್ಯಾಸ ಮಾಡಿ ಕಟ್ಟಿದ, ಆಕಾಶದ ಕ್ಷೀಣ ರೇಡಿಯೋ ಸಂಕೇತ ಹಿಡಿಯುವ ಸರಸ್ ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಸಿದರು. ನೆಲದ ಮಣ್ಣು ಒಂದೇ ಸಮ ಇರಲ್ಲ, ಅಳತೆ ಕೆಡುತ್ತೆ, ನೀರಾದರೆ ಸಮ ಅಂತ. ಇಂಥದ್ದಕ್ಕೆ ಆನ್‌ಲೈನ್‌ನಲ್ಲಿ ಫೈಲ್ ಹಾಕಿ ಆರ್ಡರ್ ಮಾಡಲು ಯಾವ ಕ್ಯಾಟಲಾಗ್ ಇದೆ?

1953ರಲ್ಲಿ ಎಚ್‌ಎಂಟಿ ಶುರುವಾದ ಊರು ಇದು. ಇಲ್ಲಿ ಟರ್ನರ್ ಸಿಗಲ್ಲ ಅಂದರೆ ನಾನು ನಂಬಲ್ಲ.

ಹಳೇ ಲೇತು

ವಿದ್ಯಾರ್ಥಿಗಳಿಗೇ ಮಷೀನ್ ಕಲಿಸಿ ಅಂದಿರಿ. ಕಲಿಸಬೇಕು, ನಾನೂ ಕಲಿಸಿದ್ದೇನೆ. ಆದರೆ ನೋಡಿಕೊಳ್ಳುವವರಿಲ್ಲದ ವರ್ಕ್‌ಶಾಪ್‌ಗೆ ಮಕ್ಕಳನ್ನು ಬಿಡಬಾರದು. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ರಾತ್ರಿ ಹೊತ್ತು ಒಬ್ಬಳೇ ಲೇತ್ ಮೇಲೆ ಕೆಲಸ ಮಾಡುತ್ತಿದ್ದಳು. ಕೂದಲು ಸಿಕ್ಕಿಕೊಂಡು ಜೀವ ಹೋಯಿತು. ಪಕ್ಕದಲ್ಲಿ ಒಬ್ಬರು ಇದ್ದಿದ್ದರೆ ಸ್ವಿಚ್ ಆಫ್ ಮಾಡುತ್ತಿದ್ದರೇನೋ. ಆ ಸುದ್ದಿ ಓದಿದ ದಿನ ನಮ್ಮ ಶಾಪ್‌ನಲ್ಲಿ ಒಂದು ನಿಯಮ ಮಾಡಿದೆವು. ಇಬ್ಬರಿಲ್ಲದೆ ಮೇನ್ ಸ್ವಿಚ್ ಹಾಕುವ ಹಾಗಿಲ್ಲ.

ಆಗುಂಬೆ ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಇಲ್ಲಿ ಬಂದ ಮಾತನ್ನೆಲ್ಲ ಇಟ್ಟುಕೊಂಡು ನಾವು ಒಂಬತ್ತು ಜನ ಕೂತು ಪತ್ರ ಬರೆದೆವು. "ವರ್ಕ್‌ಶಾಪ್ ಉಳಿಸಿ" ಅಂತ ಸುಮ್ನೆ ಕೇಳಿಲ್ಲ. ಪಕ್ಕದ ಎರಡು ವಿಭಾಗದವರನ್ನೂ ಸೇರಿಸಿಕೊಂಡು ಮೂವರಿಗೂ ಒಂದೇ ವರ್ಕ್‌ಶಾಪ್ ಅಂತ ಕೇಳಿದ್ದೇವೆ. ಲೆಕ್ಕ ಪಕ್ಕಾ ಅವರು ಹೇಳಿದ ಹಾಗೆ ಮಷೀನ್ ಗಂಟೆಗೆ ಮಾತ್ರ ರೇಟ್. ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಇಬ್ಬರು ಐಟಿಐ ಹುಡುಗರನ್ನು ಈಗಲೇ ತಗೊಳ್ಳಿ, ಜೂನ್ ತನಕ ಹಿರಿಯರ ಪಕ್ಕದಲ್ಲಿ ನಿಲ್ಲಲಿ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇವೆ. ನಮ್ಮ ಮುಖ್ಯಸ್ಥರು ಓದಿ, ಸಹಿ ಹಾಕಿ ಮೇಲೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ಯಾವ ಡ್ರಾಯಿಂಗ್ ಹೊರಗೆ ಹೋದರೂ ಮೇಲ್ಗಡೆ ಮೂರು ಸಾಲು ಕಡ್ಡಾಯ: ಎಲ್ಲಿ ಇಡುತ್ತೇವೆ, ಎಷ್ಟು ಡಿಗ್ರಿಯಲ್ಲಿ, ಯಾವ ಮುಖದ ಅಳತೆ ನಿಜಕ್ಕೂ ಮುಖ್ಯ. ಪೀಣ್ಯದ ಸರ್, ಮೊದಲನೆಯದು ನಿಮಗೇ ಕಳಿಸುತ್ತೇನೆ.

ಹಳೇ ಲೇತು ಸರ್, ಒಂದು ಕೇಳಲಾ? ಶನಿವಾರ ಬೆಳಗ್ಗೆ ನಮ್ಮ ಹಿರಿಯರು ನಮಗೆ ಪಾಠ ಮಾಡಲು ಒಪ್ಪಿದ್ದಾರೆ. ನೀವೂ ಬರುತ್ತೀರಾ? ನಾವು ಆರು ಜನ ಇದ್ದೇವೆ, ನಾಲ್ವರು ಹುಡುಗಿಯರು.

ಪೀಣ್ಯ ಎರಡನೇ ಹಂತ

ಕಳಿಸಿ ಮೇಡಂ. ಆ ಮೂರು ಸಾಲು ಇರುವ ಡ್ರಾಯಿಂಗ್‌ಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ.

ಹಳೇ ಲೇತು

ಬರುತ್ತೇನಮ್ಮ. ಒಂಬತ್ತಕ್ಕೆ ಶುರು ಮಾಡೋಣ. ಕೂದಲು ಬಿಗಿಯಾಗಿ ಕಟ್ಟಿಕೊಂಡು ಬನ್ನಿ, ವೇಲ್ ಬೇಡ, ಬಳೆ ಉಂಗುರ ಮನೆಯಲ್ಲೇ ಬಿಡಿ. ಲೇತ್ ಮುಂದೆ ಗ್ಲೌಸ್ ಹಾಕಬಾರದು, ಬೂಟು ಮಾತ್ರ ಹಾಕಲೇಬೇಕು. ಮೊದಲ ದಿನ ಮಷೀನ್ ಮುಟ್ಟಿಸುವುದಿಲ್ಲ. ಒಬ್ಬೊಬ್ಬರಿಗೆ ಒಂದು ಮೈಲ್ಡ್ ಸ್ಟೀಲ್ ತುಂಡು ಕೊಡುತ್ತೇನೆ. ಅರ ಹಿಡಿದು ಎರಡು ಮುಖ ಮೂಲೆಮಟ್ಟಕ್ಕೆ ತನ್ನಿ, ಮೂಲೆಮಟ್ಟ ಇಟ್ಟು ನೋಡಿದರೆ ನಡುವೆ ಬೆಳಕು ಕಾಣಬಾರದು. ನನ್ನ ಹಳೆಯ ಮೂಲೆಮಟ್ಟ ಇನ್ನೂ ಚೆನ್ನಾಗಿದೆ, ಎಣ್ಣೆ ಒರೆಸಿ ತರುತ್ತೇನೆ.